ರೇಸಿಗೆ ಯಾವ ಎಟಿವಿ? ಎಂಜಿನ್ ಆಮೇಲೆ, ಮೊದಲು ಅಗಲ ಅಳೆಯಿರಿ

ವೈಎಫ್‌ಝಡ್450ಆರ್ ತೆಗೆದುಕೊಳ್ಳಲೋ, ರ‍್ಯಾಪ್ಟರ್ 700ಆರ್ ತೆಗೆದುಕೊಳ್ಳಲೋ? ರೇಸಿಗೆ ಇಳಿಯಬೇಕೆಂದಿರುವವರು ಮೊದಲು ಕೇಳುವುದು ಬಹುಪಾಲು ಇದನ್ನೇ. ಎರಡೂ ಯಮಹಾದ ಎಟಿವಿಗಳು, ಅಂದರೆ ಹ್ಯಾಂಡಲ್ ಹಿಡಿದು ಕಚ್ಚಾ ನೆಲದಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿಗಳು; ರೇಸಿನ ಇಂಥವನ್ನು ಸ್ಪೋರ್ಟ್ ಕ್ವಾಡ್ ಅನ್ನುತ್ತಾರೆ. ಅಮೆರಿಕದಲ್ಲಿ ಹೊಸದಕ್ಕೆ ಎರಡರ ಬೆಲೆಯೂ ಹತ್ತು ಸಾವಿರ ಡಾಲರಿನ ಆಸುಪಾಸು. ಒಂದರ ಎಂಜಿನ್ 449 ಸಿಸಿ, ಇನ್ನೊಂದರದು 686 ಸಿಸಿ. ಹೆಚ್ಚುಕಡಿಮೆ ಅದೇ ದುಡ್ಡಿಗೆ ದೊಡ್ಡ ಎಂಜಿನ್ ಸಿಗುವಾಗ ಚಿಕ್ಕದನ್ನು ಯಾಕೆ ಕೊಳ್ಳಬೇಕು ಅನ್ನಿಸುವುದು ಸಹಜ. ಆದರೆ ಮಾಹಿತಿ ಪತ್ರದಲ್ಲಿ ಎಂಜಿನ್ನಿನ ಸಾಲು ಬಿಟ್ಟು ಅಗಲದ ಸಾಲು ನೋಡಿ. ವೈಎಫ್‌ಝಡ್450ಆರ್ 48.8 ಇಂಚು, ರ‍್ಯಾಪ್ಟರ್ ಸುಮಾರು 46 ಇಂಚು. ಈ ಮೂರು ಇಂಚಿಗೂ ಕಡಿಮೆ ವ್ಯತ್ಯಾಸದಲ್ಲೇ ಯಾವ ಗಾಡಿ ಯಾವ ಓಟಕ್ಕೆ ಹುಟ್ಟಿದ್ದು ಅನ್ನುವುದು ಬರೆದಿದೆ.

ಸ್ಪೋರ್ಟ್ ಕ್ವಾಡ್‌ಗಳ ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕಂಬಿ. ಕಾರಿನಲ್ಲಿರುವಂತೆ ಡಿಫರೆನ್ಷಿಯಲ್ ಇಲ್ಲ, ಹಾಗಾಗಿ ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರ ಹೋಗಬೇಕಾದರೂ ಆಕ್ಸಲ್ ಅದಕ್ಕೆ ಬಿಡುವುದಿಲ್ಲ. ಆದ್ದರಿಂದ ಹಿಂಭಾಗವನ್ನು ಬೇಕೆಂದೇ ಜಾರಿಸಿ ತಿರುಗಿಸಬೇಕು. ಜಾರುತ್ತಿರುವ ಗಾಡಿಯ ಹೊರಗಿನ ಟೈರು ಮಣ್ಣಿನ ಏರಿಗೆ ಸಿಕ್ಕಿಕೊಂಡಿತೋ, ಗಾಡಿ ಮಗುಚಲು ನೋಡುತ್ತದೆ. ಅದನ್ನು ತಡೆಯುವುದು ಎರಡೇ: ಅಗಲವಾದ ನಿಲುವು, ನೆಲಕ್ಕೆ ಹತ್ತಿರದ ತೂಕ. ಜೊತೆಗೆ ಸವಾರ ತನ್ನ ಮೈಯನ್ನು ತಿರುವಿನ ಒಳಗಡೆಗೆ ಇಳಿಬಿಡಬೇಕು, ಅದು ಕಲಿಕೆಯ ಮಾತು. 46 ಇಂಚನ್ನು 50 ಮಾಡಿದರೆ ನಿಲುವು ಶೇಕಡ 8ರಿಂದ 9ರಷ್ಟು ಹಿಗ್ಗುತ್ತದೆ. ಜಿಗಿತಗಳಿರುವ ಮಣ್ಣಿನ ಮೋಟೋಕ್ರಾಸ್ ಟ್ರ್ಯಾಕಿನಲ್ಲಿ ಆ ಹಿಗ್ಗು ಪ್ರತಿ ತಿರುವಿನಲ್ಲೂ ಕೈಗೆ ಗೊತ್ತಾಗುತ್ತದೆ. ಅದೇ 50 ಇಂಚಿನ ಗಾಡಿಯನ್ನು ಕಾಡಿನ ಓಟಕ್ಕೆ ಒಯ್ದರೆ ಎರಡು ಮರಗಳ ನಡುವೆ ಹಿಂದಿನ ಟೈರು ತಗಲುತ್ತದೆ. ಗಾಡಿ ಅಲ್ಲೇ ನಿಲ್ಲುತ್ತದೆ, ನೀವು ಹ್ಯಾಂಡಲ್ ದಾಟಿ ಮುಂದೆ ಹೋಗುತ್ತೀರಿ.

ಆದ್ದರಿಂದ ಯಾವ ರೇಸು ಅನ್ನುವುದು ತೀರ್ಮಾನವಾಗದೆ ಯಾವ ಗಾಡಿ ಅನ್ನುವ ಮಾತೇ ಇಲ್ಲ.

ಮೂರು ಓಟ, ಮೂರು ಬಗೆಯ ಗಾಡಿ

ಮೋಟೋಕ್ರಾಸ್‌ನಲ್ಲಿ ಓಟ ಚಿಕ್ಕದು, ಜಿಗಿತ ಹೆಚ್ಚು, ನೆಲ ಹದ ಮಾಡಿದ್ದು. ಇಲ್ಲಿ ಪಳಗಿದವರು ಗಾಡಿಯನ್ನು 49ರಿಂದ 50 ಇಂಚಿಗೆ ಕಟ್ಟುತ್ತಾರೆ. ನೆಲದಿಂದ ಎತ್ತರ ಕಡಿಮೆ ಇಡುತ್ತಾರೆ, ಚಿಕ್ಕ ಟೈರು ಹಾಕುತ್ತಾರೆ. ಸಾಮಾನ್ಯವಾಗಿ ಮುಂದೆ 20x6-10, ಹಿಂದೆ 18x10-8 (ಟೈರಿನ ಎತ್ತರ, ಅಗಲ, ರಿಮ್ಮಿನ ಅಳತೆ, ಎಲ್ಲ ಇಂಚಿನಲ್ಲಿ). ಟೈರು ಚಿಕ್ಕದಾದಷ್ಟೂ ಗಾಡಿ ತಗ್ಗುತ್ತದೆ, ತಿರುಗುವ ತೂಕವೂ ಇಳಿದು ಗಾಡಿ ಬೇಗ ಎದ್ದೋಡುತ್ತದೆ. ಗೇಟು ಬೀಳುವಾಗ ಎಂಜಿನ್ ಚಾಲೂ ಇರುವುದರಿಂದ ಸ್ಟಾರ್ಟರ್ ಯಾವುದು ಅನ್ನುವುದಕ್ಕೆ ಇಲ್ಲಿ ಅಷ್ಟು ಬೆಲೆಯಿಲ್ಲ.

ಕ್ರಾಸ್ ಕಂಟ್ರಿ ಬೇರೆಯೇ ಲೋಕ. ಅಮೆರಿಕದ ಗ್ರ್ಯಾಂಡ್ ನ್ಯಾಷನಲ್ ಕ್ರಾಸ್ ಕಂಟ್ರಿ, ಎಲ್ಲರ ಬಾಯಲ್ಲೂ ಜಿಎನ್‌ಸಿಸಿ, ಇದರ ದೊಡ್ಡ ಸರಣಿ. ಮೇಲಿನ ವರ್ಗಗಳ ಓಟ ಎರಡು ಗಂಟೆ. ಮರದ ಬೇರು, ಕಲ್ಲು, ಹಳ್ಳ, ಕೆಸರು, ನಡುವೆ ಬಯಲು. ಇಲ್ಲಿ 46ರಿಂದ 48 ಇಂಚಿನೊಳಗಿನ ಗಾಡಿ ಬೇಕು. ಟೈರು ದೊಡ್ಡದು: ಮುಂದೆ 21 ಅಥವಾ 22 ಇಂಚು, ಹಿಂದೆ 20x10-9 ಅಥವಾ 20x11-9. ಬೇರು-ಕಲ್ಲಿನ ಮೇಲೆ ತಳ ಉಜ್ಜದಿರಲಿ ಅಂತ ಈ ಎತ್ತರ. ಇನ್ನೊಂದು ಮುಖ್ಯ ವಿಷಯ, ಜಿಎನ್‌ಸಿಸಿಯಲ್ಲಿ ಓಟ ಶುರುವಾಗುವುದು ಎಂಜಿನ್ ಆರಿಸಿಟ್ಟು. ಬಾವುಟ ಬಿದ್ದ ಮೇಲೆ ಸ್ಟಾರ್ಟ್ ಮಾಡಬೇಕು. ಕಿಕ್ಕರ್ ಮಾತ್ರ ಇರುವ ಗಾಡಿಯವರು ಕಾಲೆತ್ತುವಷ್ಟರಲ್ಲಿ ಬಟನ್ ಒತ್ತಿದವರು ಮೊದಲ ತಿರುವಿನತ್ತ ಹೊರಟಿರುತ್ತಾರೆ. ಮೊದಲ ತಿರುವಿನಲ್ಲಿ ಹಿಂದೆ ಬಿದ್ದರೆ ಮುಂದಿನವರ ಧೂಳೋ ಕೆಸರೋ ಮುಖಕ್ಕೆ ಬೀಳುವುದು ಖಂಡಿತ.

ಮರುಭೂಮಿ ಓಟದಲ್ಲಿ ಉದ್ದನೆಯ ನೇರ ದಾರಿ, ಗಂಟೆಗಟ್ಟಲೆ ಮುಕ್ಕಾಲು ಥ್ರಾಟಲ್. ಅಲ್ಲಿ ದೊಡ್ಡ ಎಂಜಿನ್ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಡಾಕಾರ್ ರ‍್ಯಾಲಿಯಲ್ಲಿ ಕ್ವಾಡ್‌ಗಳಿಗೆ 2009ರಿಂದ 2024ರವರೆಗೆ ಪ್ರತ್ಯೇಕ ವರ್ಗ ಇತ್ತು. ಅರ್ಜೆಂಟೀನಾದ ಮಾರ್ಕೋಸ್ ಪಟ್ರೊನೆಲ್ಲಿ 2010, 2013, 2016ರಲ್ಲಿ ಗೆದ್ದದ್ದು, ಚಿಲಿಯ ಇಗ್ನಾಸಿಯೊ ಕಸಾಲೆ 2014, 2018, 2020ರಲ್ಲಿ ಗೆದ್ದದ್ದು ಎಲ್ಲವೂ ರ‍್ಯಾಪ್ಟರ್ 700 ಮೇಲೆ. 2025ರಿಂದ ಆ ವರ್ಗವನ್ನೇ ಕೈಬಿಟ್ಟಿದ್ದಾರೆ, ಕ್ವಾಡ್ ಪ್ರೀತಿಸುವವರಿಗೆ ಅದು ನೋವಿನ ಸುದ್ದಿಯೇ. ಕೊಲ್ಲಿ ದೇಶಗಳಲ್ಲಿರುವ ಮಂಗಳೂರು, ಉಡುಪಿ, ಭಟ್ಕಳ ಕಡೆಯವರಿಗೆ ರ‍್ಯಾಪ್ಟರ್ ಹೊಸದಲ್ಲ, ದುಬೈ ಸುತ್ತಲ ಮರಳುದಿಬ್ಬಗಳಲ್ಲಿ ಅದು ಎಲ್ಲೆಲ್ಲೂ ಕಾಣುತ್ತದೆ. ಅಬುಧಾಬಿ ಡೆಸರ್ಟ್ ಚಾಲೆಂಜ್‌ನಂಥ ರ‍್ಯಾಲಿಯ ಕನಸಿರುವವರು ಅದನ್ನೇ ನೋಡಲಿ.

ಇಷ್ಟಾದ ಮೇಲೆ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಟ್ರ್ಯಾಕಿಗೂ, ಅಗಲವನ್ನು ಸ್ವಲ್ಪ ಕಿರಿದು ಮಾಡಿಕೊಂಡರೆ ಕಾಡಿಗೂ ವೈಎಫ್‌ಝಡ್450ಆರ್, ಮರಳಿಗೆ ರ‍್ಯಾಪ್ಟರ್. ಮೋಟೋಕ್ರಾಸ್‌ನ ಮೇಲಿನ ವರ್ಗಗಳ ಮಿತಿ 450 ಸಿಸಿ, ಆದ್ದರಿಂದ ರ‍್ಯಾಪ್ಟರ್ ಒಯ್ದರೆ ಸೇರಿಸಿಕೊಳ್ಳುವ ವರ್ಗವೇ ಸಿಗದೆ ಹೋಗಬಹುದು. ದುಡ್ಡು ಕೊಡುವ ಮುಂಚೆ ನೀವು ಓಡಿಸಲಿರುವ ಸರಣಿಯ ನಿಯಮ ಪುಸ್ತಕದಲ್ಲಿ ಸಿಸಿ ಮಿತಿ, ಅಗಲದ ಮಿತಿ ಎರಡನ್ನೂ ಓದಿಕೊಳ್ಳಿ.

450ಗಳಲ್ಲಿ ಯಾವುದು

ಜಪಾನಿನ ದೊಡ್ಡ ಕಂಪನಿಗಳಲ್ಲಿ ರೇಸಿಗೆಂದೇ ಮಾಡಿದ 450 ಸ್ಪೋರ್ಟ್ ಕ್ವಾಡ್ ಅನ್ನು ಹೊಸದಾಗಿ ಮಾರುತ್ತಾ ಉಳಿದದ್ದು ಯಮಹಾ ಒಂದೇ. ಉಳಿದದ್ದೆಲ್ಲ ಸೆಕೆಂಡ್ ಹ್ಯಾಂಡ್. ಹಾಗಂತ ಹೋಲಿಕೆ ಮುಗಿಯಲಿಲ್ಲ, ಹಳೆಯವುಗಳಲ್ಲಿ ಕೆಲವು ಈಗಲೂ ಗೆಲ್ಲುವ ಗಾಡಿಗಳೇ.

ವೈಎಫ್‌ಝಡ್450 ಬಂದದ್ದು 2004ರಲ್ಲಿ, ಕಾರ್ಬ್ಯುರೇಟರ್ ಸಮೇತ. 2009ರಲ್ಲಿ ಹೆಸರಿಗೆ 'ಆರ್' ಸೇರಿದಾಗ ಚಾಸಿಯೇ ಬೇರೆಯಾಯಿತು: ಅಲ್ಯೂಮಿನಿಯಂ ಜೊತೆ ಉಕ್ಕು ಬೆರೆಸಿದ ಚೌಕಟ್ಟು, ಫ್ಯುಯೆಲ್ ಇಂಜೆಕ್ಷನ್, ಐದು ಟೈಟೇನಿಯಂ ವಾಲ್ವ್. 2014ರಿಂದ ಸ್ಲಿಪ್ಪರ್ ಕ್ಲಚ್ ಬಂತು. ವೇಗದಲ್ಲಿ ಗೇರು ಇಳಿಸಿದಾಗ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಎಗರುವುದನ್ನು ಅದು ಬಹಳ ಕಡಿಮೆ ಮಾಡುತ್ತದೆ, ಕ್ಲಚ್ ಲಿವರ್ ಸಹ ಹಗುರ. ಎರಡು ಗಂಟೆ ಓಡಿಸುವ ಎಡಗೈಗೆ ಇದು ದೊಡ್ಡ ಉಪಕಾರ. ಆದ್ದರಿಂದ ಸೆಕೆಂಡ್ ಹ್ಯಾಂಡ್ ವೈಎಫ್‌ಝಡ್ ನೋಡುವವರು 2014 ಅಥವಾ ಆಮೇಲಿನದನ್ನೇ ಹುಡುಕಿ. ದ್ರವಗಳೆಲ್ಲ ತುಂಬಿದಾಗ ತೂಕ ಸುಮಾರು 184 ಕೆಜಿ, ಟ್ಯಾಂಕು ಸುಮಾರು 10 ಲೀಟರ್. ಎರಡು ಗಂಟೆಯ ಓಟಕ್ಕೆ ನಡುವೆ ಒಮ್ಮೆ ಪೆಟ್ರೋಲು ಹಾಕಿಸಿಕೊಳ್ಳುವ ಏರ್ಪಾಡು ಬೇಕು, ಇಲ್ಲವೇ ದೊಡ್ಡ ಟ್ಯಾಂಕು. ಕಾಡಿನ ಓಟಕ್ಕೆ ಕಂಪನಿಯೇ ವೈಎಫ್‌ಝಡ್450ಎಕ್ಸ್ ಎಂಬ 46 ಇಂಚಿನ ಕಿರಿದಾದ ಗಾಡಿಯನ್ನು ಸ್ವಲ್ಪ ಕಾಲ ಮಾಡಿತ್ತು. ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಕ್ರಾಸ್ ಕಂಟ್ರಿಯವರು ಬಿಡಬಾರದು.

ಹೋಂಡಾ ಟಿಆರ್‌ಎಕ್ಸ್450ಆರ್ ಕೂಡ 2004ರದೇ, ಅಮೆರಿಕದಲ್ಲಿ 2014ರ ಮಾದರಿಗೆ ನಿಂತಿತು. ನಿಂತ ಮೇಲೂ ಜೋಯಲ್ ಹೆಟ್ರಿಕ್ ಅದರ ಮೇಲೆಯೇ ಅಮೆರಿಕದ ಎಟಿವಿ ಮೋಟೋಕ್ರಾಸ್ ಚಾಂಪಿಯನ್‌ಶಿಪ್ ಹಲವು ಬಾರಿ ಗೆದ್ದರು. ಒಳ್ಳೆಯ ಚಾಸಿ ಹಳತಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೊಳ್ಳುವಾಗ ವರ್ಷ ಮಾತ್ರ ನೋಡಿಕೊಳ್ಳಲೇಬೇಕು. 2004-05ರ ಎಂಜಿನ್ನಿಗೂ 2006ರ ನಂತರದ್ದಕ್ಕೂ ಬೋರ್ (ಸಿಲಿಂಡರಿನ ಅಗಲ), ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಎರಡೂ ಬೇರೆ, ಕಾರ್ಬ್ಯುರೇಟರ್ ಸಹ 42 ಮಿಮೀ ಇದ್ದದ್ದು 40 ಆಯಿತು. ಒಂದರ ಪಿಸ್ಟನ್ ಇನ್ನೊಂದಕ್ಕೆ ಕೂರುವುದಿಲ್ಲ. ಬಟನ್ ಸ್ಟಾರ್ಟ್ ಬೇಕಿದ್ದರೆ 2006ರಿಂದ ಬಂದ 'ಇಆರ್' ಅನ್ನೇ ಕೇಳಿ. ಈ ಗಾಡಿಯಲ್ಲಿ ಎಂಜಿನ್ನಿಗೂ ಗೇರುಬಾಕ್ಸಿಗೂ ಎಣ್ಣೆ ಬೇರೆಬೇರೆ. ಕ್ಲಚ್ಚಿನ ಪುಡಿ ಎಂಜಿನ್ನಿಗೆ ಹೋಗದಿರುವುದು ಲಾಭ. ಆದರೆ ಎಂಜಿನ್ ಕಡೆ ಎಣ್ಣೆ ಕಡಿಮೆ ಹಿಡಿಯುವುದರಿಂದ ಪ್ರತಿ ರೇಸಿಗೊಮ್ಮೆ ಬದಲಿಸಬೇಕು. ಒಂದು ಕಡೆ ಹಾಕಿ ಇನ್ನೊಂದನ್ನು ಮರೆತು ಎಂಜಿನ್ ಸುಟ್ಟುಕೊಂಡವರು ಉಂಟು.

ಸುಝುಕಿ ಎಲ್‌ಟಿ-ಆರ್450 ಬಂದದ್ದು 2006ರಲ್ಲಿ, ಫ್ಯುಯೆಲ್ ಇಂಜೆಕ್ಷನ್ ಸಮೇತ. ಆಗ 450 ಕ್ವಾಡ್‌ಗಳಲ್ಲಿ ಅದು ಮೊದಲು. ತಗ್ಗಾದ, ಅಗಲವಾದ, ಅಪ್ಪಟ ಮೋಟೋಕ್ರಾಸ್ ಗಾಡಿ. ಕವಾಸಾಕಿ ಕೆಎಫ್‌ಎಕ್ಸ್450ಆರ್‌ಗೆ ರಿವರ್ಸ್ ಗೇರು ಉಂಟು. ಕಾಡಿನಲ್ಲಿ ಮರಕ್ಕೆ ಮೂಗು ತಾಗಿ ನಿಂತಾಗ ಅದರ ಬೆಲೆ ತಿಳಿಯುತ್ತದೆ, ವೈಎಫ್‌ಝಡ್450ಆರ್‌ನಲ್ಲಿ ರಿವರ್ಸ್ ಇಲ್ಲದ್ದರಿಂದ ಇಳಿದು ಎಳೆಯಬೇಕು. ಕೆಟಿಎಂನ 450 ಮತ್ತು 505, ಕ್ಯಾನ್-ಆಮ್‌ನ ಡಿಎಸ್450 ಎಂಜಿನ್ ಲೆಕ್ಕದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ಹೊಸಬರಿಗೆ ಅವನ್ನು ಹೇಳಲು ಮನಸ್ಸು ಬಾರದು, ಕಾರಣ ಬಿಡಿಭಾಗ. ಶನಿವಾರ ಎ-ಆರ್ಮ್ (ಮುಂದಿನ ಚಕ್ರವನ್ನು ಚೌಕಟ್ಟಿಗೆ ಸೇರಿಸುವ ತೋಳು) ಬಾಗಿದರೆ ಭಾನುವಾರದೊಳಗೆ ಪಕ್ಕದ ಟೆಂಟಿನವರಿಂದ ಸಾಲ ಪಡೆಯುವಂತಿರಬೇಕು. ಪಿಟ್ಟಿನಲ್ಲಿ ಹತ್ತು ಗಾಡಿ ನಿಂತಿದ್ದರೆ ಅವುಗಳಲ್ಲಿ ಆರೇಳು ವೈಎಫ್‌ಝಡ್ ಇರುತ್ತವೆ ಅನ್ನುವುದೇ ವೈಎಫ್‌ಝಡ್ ಕೊಳ್ಳಲು ದೊಡ್ಡ ಕಾರಣ.

ಮೊದಲ ವರ್ಷದವರಿಗೆ 450 ಬೇಕೇ ಬೇಕೆಂದಿಲ್ಲ. 1999ರಲ್ಲಿ ಬಂದ ಹೋಂಡಾ ಟಿಆರ್‌ಎಕ್ಸ್400ಇಎಕ್ಸ್ ಗಾಳಿಯಿಂದಲೇ ತಣಿಯುವ ಎಂಜಿನ್. ರೇಡಿಯೇಟರ್ ಇಲ್ಲ, ಕೆಸರು ಕಟ್ಟಿ ಬಿಸಿಯೇರುವ ಚಿಂತೆಯಿಲ್ಲ. ಸುಝುಕಿ ಎಲ್‌ಟಿ-ಝಡ್400 ಅದಕ್ಕಿಂತ ಚುರುಕು, ನೀರಿನಿಂದ ತಣಿಯುತ್ತದೆ, ರಿವರ್ಸ್ ಇದೆ. 2003ರ ಹೊತ್ತಿನ ಕವಾಸಾಕಿ ಕೆಎಫ್‌ಎಕ್ಸ್400, ಆರ್ಕ್ಟಿಕ್ ಕ್ಯಾಟ್ ಡಿವಿಎಕ್ಸ್400 ಎಂದು ಮಾರುತ್ತಿದ್ದದ್ದೂ ಹೆಸರು, ಬಣ್ಣ ಬದಲಿಸಿದ ಇದೇ ಗಾಡಿ, ಆದ್ದರಿಂದ ಎಂಜಿನ್ನಿನ ಬಿಡಿಭಾಗ ಮೂರು ಹೆಸರಿನಲ್ಲೂ ಹುಡುಕಬಹುದು. 450ರ ಎಂಜಿನ್ ರೇಸಿಗೆ ಬಿಗಿ ಮಾಡಿದ್ದು, ಗಂಟೆ ಲೆಕ್ಕ ಇಟ್ಟು ಬಿಚ್ಚಿ ನೋಡಬೇಕು. ಈ 400ಗಳು ತಪ್ಪುಗಳನ್ನು ಕ್ಷಮಿಸುತ್ತವೆ. ಗೇರು, ಬ್ರೇಕು, ಮೈ ಬಾಗಿಸುವುದು ಇವನ್ನೆಲ್ಲ ಕಲಿಯುವ ಒಂದು ವರ್ಷಕ್ಕೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿಯ ಮುಂದೆ ನಿಂತಾಗ

ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣಿಯುವವರೆಗೆ ಕಾಯಿರಿ. ಟೈಟೇನಿಯಂ ವಾಲ್ವ್ ಇರುವ ಎಂಜಿನ್ ಸೋಲುತ್ತಿರುವುದರ ಮೊದಲ ಗುರುತು ತಣ್ಣಗಿದ್ದಾಗ ಬೇಗ ಸ್ಟಾರ್ಟ್ ಆಗದಿರುವುದು. ಕಾರಣ ಹೀಗಿದೆ. ಈ ವಾಲ್ವ್‌ಗಳ ಮೇಲೆ ತೆಳುವಾದ ಗಟ್ಟಿ ಲೇಪನ ಇರುತ್ತದೆ. ಫಿಲ್ಟರ್ ದಾಟಿ ಬಂದ ಧೂಳು ಅದನ್ನು ತಿಂದುಬಿಟ್ಟರೆ ಒಳಗಿನ ಲೋಹ ಬೇಗ ತಗ್ಗುತ್ತದೆ, ವಾಲ್ವ್ ತನ್ನ ಕುಳಿಯೊಳಗೆ ಇನ್ನಷ್ಟು ಇಳಿಯುತ್ತದೆ, ಬಿಡಬೇಕಾದ ಸಂದು ಮುಚ್ಚಿಹೋಗುತ್ತದೆ. ಶಿಮ್, ಅಂದರೆ ಸಂದು ಹೊಂದಿಸುವ ತೆಳು ಬಿಲ್ಲೆ, ಬದಲಿಸಿದರೆ ಸಂದು ಮತ್ತೆ ಸರಿಯಾಗುತ್ತದೆ, ಕೆಲವು ಗಂಟೆ ಓಡುತ್ತದೆ, ಮತ್ತೆ ಮುಚ್ಚುತ್ತದೆ. 'ಈಗಷ್ಟೇ ಶಿಮ್ ಹಾಕಿಸಿದ್ದೇನೆ' ಅನ್ನುವುದು ಹೊಗಳಿಕೆಯ ಮಾತಲ್ಲ. ಎಷ್ಟು ಗಂಟೆಗೊಮ್ಮೆ ಹಾಕಿಸಬೇಕಾಗುತ್ತಿದೆ ಎಂದು ಕೇಳಿ.

ಆಮೇಲೆ ಸೀಟು ತೆಗೆದು ಏರ್‌ಬಾಕ್ಸ್ ತೆರೆಯಿರಿ. ಫಿಲ್ಟರ್ ಹೊರತೆಗೆದು ಅದರ ಹಿಂದಿನ ರಬ್ಬರ್ ಬೂಟಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿ. ಬಟ್ಟೆ ಹಾಗೇ ಬಂದರೆ ಸರಿ. ಕೆಂಪುಮಣ್ಣು ಅಂಟಿತೋ, ಆ ಮಣ್ಣಿನ ಉಳಿದ ಪಾಲು ಸಿಲಿಂಡರ್ ಒಳಗೆ ಹೋಗಿದೆ. ಎಷ್ಟೇ ಮಿಂಚುವ ಗಾಡಿಯಾದರೂ ಎಂಜಿನ್ ಬಿಚ್ಚಿಸುವ ಖರ್ಚು ಕಳೆದೇ ಬೆಲೆ ಮಾತಾಡಿ.

ಕಂಪ್ರೆಷನ್ ಗೇಜು ಹಾಕಿ ಬರುವ ಅಂಕಿಯನ್ನು ನಂಬಬೇಡಿ. ಸ್ಟಾರ್ಟ್ ಸುಲಭವಾಗಲೆಂದು ಈ ಎಂಜಿನ್ನುಗಳಲ್ಲಿ ತಾನಾಗಿ ಒತ್ತಡ ಬಿಡುವ ಏರ್ಪಾಡು ಇರುವುದರಿಂದ ಅಂಕಿ ಹೇಗೂ ಕಡಿಮೆ ತೋರಿಸುತ್ತದೆ. ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಪಿಸ್ಟನ್ನನ್ನು ಮೇಲ್ತುದಿಗೆ, ವಾಲ್ವ್ ಮುಚ್ಚಿರುವ ಹಂತಕ್ಕೆ ತಂದು, ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ ಎಷ್ಟು ಸೋರುತ್ತದೆ ನೋಡುವುದು. ಶೇಕಡ 10ರೊಳಗಿದ್ದರೆ ಚೆನ್ನಾಗಿದೆ. 20 ದಾಟಿದರೆ ಎಂಜಿನ್ ಬಿಚ್ಚಬೇಕು. ಎಲ್ಲಿ ಸೋರುತ್ತಿದೆ ಅನ್ನುವುದನ್ನು ಕಿವಿಯೇ ಹೇಳುತ್ತದೆ: ಸೈಲೆನ್ಸರಿನಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಡಿಯಲ್ಲಿ ಅಂದರೆ ಇನ್‌ಟೇಕ್, ಎಣ್ಣೆ ಹಾಕುವ ಬಾಯಲ್ಲಿ ಅಂದರೆ ಪಿಸ್ಟನ್ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಚಾಸಿಗೆ ಜಾಕ್ ಒಂದೇ ಸಾಕು. ಹಿಂಭಾಗ ಎತ್ತಿ ಚಕ್ರ ತಿರುಗಿಸಿ, ಹಿಂದಿನ ಬ್ರೇಕ್ ಡಿಸ್ಕಿನ ಅಂಚನ್ನೂ ಹಬ್ಬುಗಳನ್ನೂ ಗಮನಿಸಿ. ಓಲಾಡಿದರೆ ಆಕ್ಸಲ್ ಬಾಗಿದೆ. 2004-05ರ ವೈಎಫ್‌ಝಡ್‌ಗಳಲ್ಲಿ ಕಂಪನಿ ಆಕ್ಸಲ್ ಬಾಗುವುದು ಮಾಮೂಲು. ಹಿಂದಿನ ಚಕ್ರ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿದರೆ ಬೇರಿಂಗ್ ಕ್ಯಾರಿಯರ್‌ನ ಸವೆತ, ಎಡಕ್ಕೆ-ಬಲಕ್ಕೆ ತಳ್ಳಿದರೆ ಸ್ವಿಂಗ್‌ಆರ್ಮ್ ಬೇರಿಂಗಿನದು. ಮುಂದಿನ ಚಕ್ರವನ್ನು ಗಡಿಯಾರದ 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿ, ಪ್ಲೇ ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. 3 ಮತ್ತು 9ರಲ್ಲಿ ಇದ್ದರೆ ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್. ಕೊನೆಗೆ ಟಾರ್ಚು ಹಿಡಿದು ಕೆಳಗಿನ ಎ-ಆರ್ಮ್ ಕೂರುವ ಕಿವಿಗಳ ಸುತ್ತ, ಫುಟ್‌ಪೆಗ್ ಬುಡದಲ್ಲಿ ಬಿರುಕು ಹುಡುಕಿ. ಹಳೇ ಚೌಕಟ್ಟಿನಲ್ಲಿ ಅಲ್ಲಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಬಣ್ಣದ ಕೆಳಗೆ ವೆಲ್ಡಿಂಗ್ ಇದೆ ಎಂದೇ ತಿಳಿಯಿರಿ. ಬೇರಿಂಗು, ಜಾಯಿಂಟು ಸವೆದಿದ್ದರೆ ಬೇಸರ ಬೇಡ, ಬೆಲೆ ಇಳಿಸಲು ಅದು ಸಾಕು. ಚೌಕಟ್ಟು ಬಿರಿದಿದ್ದರೆ ಬಿಟ್ಟುಬಿಡಿ.

ಉಳಿದ ದುಡ್ಡು ಎಲ್ಲಿಗೆ

ಕೈಯಲ್ಲಿ ಏಳು ಸಾವಿರ ಡಾಲರ್ ಇದ್ದರೆ ಏಳು ಸಾವಿರದ ಗಾಡಿ ಕೊಳ್ಳಬೇಡಿ. ನಾಲ್ಕೂವರೆಯ ಗಟ್ಟಿ ಗಾಡಿ ಹುಡುಕಿ, ಉಳಿದದ್ದು ಕೈಯಲ್ಲಿರಲಿ. ರೇಸಿಗೆ ಸೇರಿಸಿಕೊಳ್ಳಬೇಕಾದರೆ ಟೆದರ್ ಸ್ವಿಚ್, ನರ್ಫ್ ಬಾರ್ ಎರಡೂ ಇರಲೇಬೇಕು. ಟೆದರ್ ಎಂದರೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಹಗ್ಗ, ಸವಾರ ಬಿದ್ದ ಕ್ಷಣ ಎಂಜಿನ್ ಆರುತ್ತದೆ. ನರ್ಫ್ ಬಾರ್ ಮುಂದಿನ-ಹಿಂದಿನ ಚಕ್ರಗಳ ನಡುವಿನ ಕಂಬಿ ಮತ್ತು ಬಲೆ. ಪಕ್ಕದ ಗಾಡಿಯ ಚಕ್ರ ನಿಮ್ಮ ಚಕ್ರಗಳ ನಡುವೆ ಸಿಕ್ಕದಂತೆ, ಫುಟ್‌ಪೆಗ್‌ನಿಂದ ಜಾರಿದ ಕಾಲು ನಿಮ್ಮದೇ ಹಿಂದಿನ ಟೈರಿನ ಕೆಳಗೆ ಹೋಗದಂತೆ ಕಾಯುತ್ತದೆ. ಇವೆರಡನ್ನು ಅಗ್ಗಕ್ಕೆ ಮುಗಿಸಲು ಹೋಗಬೇಡಿ. ಹೆಲ್ಮೆಟ್, ಗಾಗಲ್ಸ್, ಎದೆಗವಚ, ಕಣಕಾಲು ಮುಚ್ಚುವ ಬೂಟು ಗಾಡಿಗಿಂತ ಮುಂಚೆ ಕೊಳ್ಳುವಂಥವು.

ಅದಾದ ಮೇಲೆ ಶಾಕ್ ಅಬ್ಸಾರ್ಬರ್, ಎಲ್ಲರ ಬಾಯಲ್ಲಿ ಶಾಕ್. ಹೆಚ್ಚಿನವರು ಇಲ್ಲೇ ಎಡವುತ್ತಾರೆ, ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸಿಕೊಂಡು ಬರುತ್ತಾರೆ. ಶಾಕ್ ಎನ್ನುವುದು ಸವಾರನ ತೂಕಕ್ಕೆ ಹೊಲಿಸಿದ ಅಂಗಿಯ ಹಾಗೆ. 95 ಕೆಜಿಯವರಿಗೆ ಕಟ್ಟಿದ ಎಲ್ಕಾ ಅಥವಾ ಫಾಕ್ಸ್ ಕಂಪನಿಯ ಶಾಕ್ ಸಸ್ತಾದಲ್ಲಿ ಸಿಕ್ಕಿತೆಂದು 65 ಕೆಜಿಯ ಸವಾರ ಹಾಕಿಕೊಂಡರೆ ಗಾಡಿ ಮರದ ಹಲಗೆಯಂತೆ ಬಡಿಯುತ್ತದೆ, ಅರ್ಧ ಗಂಟೆಯಲ್ಲಿ ಮುಂಗೈ ಸೋಲುತ್ತದೆ. ಹೊಸ ಸೆಟ್ಟಿಗೆ ಸಾವಿರಾರು ಡಾಲರ್ ಬೇಕು. ಆದರೆ ಕಂಪನಿ ಶಾಕನ್ನೇ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಬದಲಿಸಿ ವಾಲ್ವ್ ಹೊಂದಿಸಿ ಕಟ್ಟಿಕೊಡುವವರಿದ್ದಾರೆ, ಅದು ಕೆಲವು ನೂರರಲ್ಲಿ ಮುಗಿಯುತ್ತದೆ. ಮೊದಲ ಎರಡು ವರ್ಷಕ್ಕೆ ಧಾರಾಳ ಸಾಕು. ಕೆಲಸಕ್ಕೆ ಕೊಡುವಾಗ ಮೈತೂಕವನ್ನಷ್ಟೇ ಹೇಳದೆ ಹೆಲ್ಮೆಟ್, ಬೂಟು ಎಲ್ಲ ಹಾಕಿಕೊಂಡು ತೂಗಿದ ತೂಕ ಹೇಳಿ. ಹ್ಯಾಂಡಲ್ ಜರ್ಕು ತಡೆಯುವ ಸ್ಟೀರಿಂಗ್ ಡ್ಯಾಂಪರ್ ಕಾಡಿನ ಓಟಕ್ಕೆ ಇದರ ನಂತರದ ಸ್ಥಾನದಲ್ಲಿ ಬರುತ್ತದೆ. ಬೇರು ಚಕ್ರಕ್ಕೆ ಹೊಡೆದಾಗ ಹೆಬ್ಬೆರಳು ಉಳಿಸುವುದು ಅದೇ.

ಅಗಲ ಬದಲಿಸಲು ದಾರಿ ಮೂರು. ಎ-ಆರ್ಮ್ ಬದಲಿಸುವುದು ದುಬಾರಿ, ಆದರೆ ಸರಿಯಾದದ್ದು. '+2+1' ಎಂದು ಬರೆದಿದ್ದರೆ ಪ್ರತಿ ಬದಿಗೆ 2 ಇಂಚು ಅಗಲ, 1 ಇಂಚು ಮುಂದಕ್ಕೆ ಎಂದರ್ಥ, ಇದಕ್ಕೆ ಉದ್ದ ಹೊಂದುವ ಶಾಕ್ ಕೂಡ ಬೇಕಾಗುತ್ತದೆ. ಎರಡನೆಯದು ರಿಮ್ಮಿನ ಆಫ್‌ಸೆಟ್. ಮೊದಲ ಅಂಕಿ ರಿಮ್ಮಿನ ಒಳಭಾಗದ್ದು, ಎರಡನೆಯದು ಹೊರಭಾಗದ್ದು; 4+1 ರಿಮ್ ತೆಗೆದು 3+2 ಹಾಕಿದರೆ ಬದಿಗೊಂದು ಇಂಚಿನಂತೆ ಒಟ್ಟು ಎರಡು ಇಂಚು ಹಿಗ್ಗುತ್ತದೆ. ಕಾಡಿಗೆ ಕಿರಿದು ಮಾಡಬೇಕಾದವರು ಇದನ್ನೇ ಉಲ್ಟಾ ಮಾಡುತ್ತಾರೆ. ಹಿಗ್ಗಿಸಿದಾಗ ಬಾಲ್ ಜಾಯಿಂಟಿನ ಮೇಲೆ ಎಳೆತ ಹೆಚ್ಚುತ್ತದೆ, ಹ್ಯಾಂಡಲಿಗೆ ಜರ್ಕು ಹೆಚ್ಚು ಬರುತ್ತದೆ. ಮೂರನೆಯದು ಹಿಂದಿನ ಆಕ್ಸಲ್, ಅಗಲ ಹೊಂದಿಸಿಕೊಳ್ಳುವಂಥದ್ದು ಸಿಗುತ್ತದೆ. ಹಾಕಿಸಿದ ಮೇಲೆ ಆಕ್ಸಲ್ ನಟ್ಟಿಗೆ ಥ್ರೆಡ್‌ಲಾಕ್ ಹಚ್ಚಿ, ಪ್ರತಿ ಓಟಕ್ಕೆ ಮುನ್ನ ನಟ್ಟಿನ ಮೇಲೆ ಎಳೆದ ಗುರುತುಗೆರೆ ಕದಲಿದೆಯೇ ನೋಡಿ. ಓಟದ ನಡುವೆ ಆ ನಟ್ಟು ಸಡಿಲವಾದರೆ ಆಕ್ಸಲ್ಲಿನ ಹಲ್ಲುಗಳೇ ತಿಂದುಹೋಗುತ್ತವೆ.

ಮುಂದಿನ ಭಾಗಕ್ಕೆ ಕೈ ಹಾಕಿದ ಪ್ರತಿ ಸಲವೂ ಟೋ, ಅಂದರೆ ಮುಂದಿನ ಚಕ್ರಗಳ ಮೂತಿ ಎಷ್ಟು ಒಳಗೆ ಅಥವಾ ಹೊರಗೆ ತಿರುಗಿದೆ ಅನ್ನುವುದನ್ನು, ಅಳೆಯಲೇಬೇಕು. ಸವಾರ ಮೇಲೆ ಕೂತು ಹ್ಯಾಂಡಲ್ ನೇರ ಹಿಡಿದಿರಲಿ. ಮುಂದಿನ ಎರಡೂ ಟೈರಿನ ನಡುಗೆರೆಗೆ ಸೀಮೆಸುಣ್ಣದಲ್ಲಿ ಗೀಟೆಳೆದು, ಚಕ್ರದ ನಡುಮಟ್ಟದಲ್ಲಿ ಮುಂದುಗಡೆ ಒಮ್ಮೆ, ಹಿಂದುಗಡೆ ಒಮ್ಮೆ ಗೀಟಿನಿಂದ ಗೀಟಿಗೆ ಅಳೆಯಿರಿ. ಮುಂದಿನ ಅಳತೆ 3ರಿಂದ 6 ಮಿಮೀ ಕಡಿಮೆ ಇರಬೇಕು. ಮುಂದಿನದೇ ಹೆಚ್ಚಾಗಿದ್ದರೆ ನೇರ ದಾರಿಯಲ್ಲಿ ಗಾಡಿ ಹಾವಿನಂತೆ ಹರಿಯುತ್ತದೆ, ಚಾಸಿ ಸರಿಯಿಲ್ಲವೆಂದು ಗಾಡಿಯನ್ನೇ ಮಾರಿದವರೂ ಇದ್ದಾರೆ.

ಎಂಜಿನ್ ಮುಟ್ಟುವ ಮುಂಚೆ ಗೇರಿಂಗ್, ಅಂದರೆ ಚೈನಿನ ಮುಂದಿನ-ಹಿಂದಿನ ಹಲ್ಲುಚಕ್ರ, ಬದಲಿಸಿ ನೋಡಿ. ವೈಎಫ್‌ಝಡ್450ಆರ್‌ಗೆ ಕಂಪನಿ ಕೊಡುವುದು ಮುಂದೆ 14, ಹಿಂದೆ 38 ಹಲ್ಲು. ಮುಂದಿನದನ್ನು 13 ಮಾಡಿದರೆ ಹಿಂದೆ ಸುಮಾರು ಮೂರು ಹಲ್ಲು ಏರಿಸಿದಷ್ಟೇ ಪರಿಣಾಮ: ಎಳೆತ ಹೆಚ್ಚು, ತುದಿವೇಗ ಕಡಿಮೆ. ಕಿರಿದಾದ ಕಾಡುದಾರಿಗೆ ಇಷ್ಟರಿಂದಲೇ ಗಾಡಿ ಬೇರೆಯಾಗುತ್ತದೆ. ಹೈ ಕಂಪ್ರೆಷನ್ ಪಿಸ್ಟನ್ ಹಾಕಿಸಿದರೆ ಬಂಕಿನ ಪೆಟ್ರೋಲು ಸಾಲದೆ ರೇಸ್ ಪೆಟ್ರೋಲು ಬೇಕಾಗುತ್ತದೆ, ಎಂಜಿನ್ ಬಿಚ್ಚುವ ಗಡುವೂ ಹತ್ತಿರವಾಗುತ್ತದೆ.

4x4, ಮಕ್ಕಳ ಗಾಡಿ, ನಮ್ಮೂರು

ಕ್ಯಾನ್-ಆಮ್ ರೆನೆಗೇಡ್, ಪೊಲಾರಿಸ್ ಸ್ಕ್ರ್ಯಾಂಬ್ಲರ್‌ನಂಥ 4x4ಗಳಿಗೂ ಜಿಎನ್‌ಸಿಸಿಯಲ್ಲಿ ವರ್ಗವಿದೆ. ಬೆಲ್ಟಿನ ಆಟೊಮ್ಯಾಟಿಕ್ ಗೇರು, ಕ್ಲಚ್ ಚಿಂತೆಯಿಲ್ಲ, ಸ್ಪೋರ್ಟ್ ಕ್ವಾಡ್ ಹೂತುಹೋಗುವ ಕೆಸರಿನಲ್ಲಿ ಇವು ಎದ್ದು ಬರುತ್ತವೆ. ಆದರೆ ದೊಡ್ಡ ಎಂಜಿನ್ನಿನವು ತೂಕದಲ್ಲಿ ವೈಎಫ್‌ಝಡ್‌ನ ಹೆಚ್ಚುಕಡಿಮೆ ಎರಡರಷ್ಟು. ಮಗುಚಿದಾಗ ಮೈಮೇಲೆ ಬರುವುದು ಆ ತೂಕವೇ. ಬೆಲ್ಟು ಬಿಸಿಯಿಂದ ಸುಡುತ್ತದೆ, ನೀರು ಹೊಕ್ಕರೆ ಜಾರುತ್ತದೆ. ಒಂದು ಹೆಚ್ಚಿನ ಬೆಲ್ಟು, ಅದನ್ನು ಬಿಚ್ಚುವ ಉಪಕರಣ ಗಾಡಿಯ ಮೇಲೇ ಇರಬೇಕು. ಮೋಟೋಕ್ರಾಸ್ ಜಿಗಿತಗಳಿಗೆ ಇವನ್ನು ಒಯ್ಯಲೇಬೇಡಿ.

ಮಕ್ಕಳ ವಿಷಯದಲ್ಲಿ ರಾಜಿ ಬೇಡ. 16 ವರ್ಷದೊಳಗಿನವರಿಗೆ ದೊಡ್ಡವರ ಎಟಿವಿ ಕೂಡದು ಎಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ಗಾಡಿಯ ಮೇಲೇ ಅಂಟಿಸಿರುತ್ತಾರೆ. ಅಲ್ಲಿನ ಓಟಗಳಲ್ಲಿ ಮಕ್ಕಳಿಗೆ 50, 90 ಸಿಸಿಯಂಥ ಚಿಕ್ಕ ವರ್ಗಗಳಿವೆ. ಯಮಹಾ ವೈಎಫ್‌ಝಡ್50 ಆರು ವರ್ಷ ತುಂಬಿದವರಿಗೆ, ಥ್ರಾಟಲ್ ಎಷ್ಟು ತೆರೆಯಬೇಕೆಂದು ಸ್ಕ್ರೂನಲ್ಲಿ ಕಟ್ಟಿಹಾಕಬಹುದು. 'ಬೆಳೆಯುವ ಮಗು, ದೊಡ್ಡದೇ ಇರಲಿ' ಎಂದು ಅಂಗಿ ಕೊಂಡ ಹಾಗೆ ಗಾಡಿ ಕೊಳ್ಳಬೇಡಿ. ಫುಟ್‌ಪೆಗ್ ಮೇಲೆ ನಿಂತಾಗ ಸೀಟಿಗೂ ಮಗುವಿನ ಕವಲಿಗೂ ನಡುವೆ ಸಂದು ಇರಬೇಕು, ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗಲೂ ಹೊರಗಿನ ಕೈ ಹಿಡಿ ಬಿಡಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ಆ ಗಾಡಿ ಆ ಮಗುವಿಗಲ್ಲ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಎರಡು ಮಾತು. ಸ್ಪೋರ್ಟ್ ಕ್ವಾಡ್‌ಗೆ ನಮ್ಮಲ್ಲಿ ಆರ್‌ಟಿಒ ನೋಂದಣಿ ಸಿಗುವುದಿಲ್ಲ, ರಸ್ತೆಗೆ ಇಳಿಸುವಂತಿಲ್ಲ. ಹೊರದೇಶದಿಂದ ತರಿಸಿದರೆ ಸುಂಕದ ಹೊರೆ ಬಲು ದೊಡ್ಡದು, ಆಮೇಲೆ ಒಂದು ಪಿಸ್ಟನ್ ರಿಂಗಿಗೂ ಅದೇ ದಾರಿ ಕಾಯಬೇಕು. ಆದ್ದರಿಂದ ಇಲ್ಲಿ ಕೊಳ್ಳುವವರು ಮಾದರಿಗಿಂತ ಮೊದಲು ಬಿಡಿಭಾಗ ಕೊಡುವ ಡೀಲರ್ ಯಾರು ಎಂದು ನೋಡಿ, ಸಾಗಿಸಲು ಟ್ರೇಲರ್ ಅಥವಾ ಪಿಕಪ್ ಲೆಕ್ಕಕ್ಕೆ ಹಿಡಿಯಿರಿ. ರೆಸಾರ್ಟುಗಳಲ್ಲಿ ಬಾಡಿಗೆಗೆ ಸಿಗುವ ಚಿಕ್ಕ ಕ್ವಾಡ್‌ಗಳು ಸುತ್ತಾಟಕ್ಕೆ ಮಾಡಿದವು, ಅವುಗಳ ಸ್ಟೀರಿಂಗ್ ಕಂಬಿ, ಎ-ಆರ್ಮ್ ಜಿಗಿತ ತಾಳುವುದಿಲ್ಲ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು, ಹುಡುಗಿಯರು ಕಟ್ಟುವುದನ್ನೂ ಎಟಿವಿ ಎಂದೇ ಕರೆಯುತ್ತಾರೆ. ಅದು ಪಂಜರದೊಳಗೆ ಕೂತು ಓಡಿಸುವ ಬಗ್ಗಿ, ಅದರ ಲೆಕ್ಕಾಚಾರವೇ ಬೇರೆ.

ಗಾಡಿ ಮನೆಗೆ ಬಂದ ದಿನವೇ ಒಂದು ಡಬ್ಬಿ ಮಾಡಿಟ್ಟುಕೊಳ್ಳಿ. 520 ಚೈನಿನ ಮಾಸ್ಟರ್ ಲಿಂಕ್ ಎರಡು, ಟೈ ರಾಡ್ ಒಂದು ಜೊತೆ, ಕೆಳಗಿನ ಬಾಲ್ ಜಾಯಿಂಟ್, ಬ್ರೇಕ್ ಮತ್ತು ಕ್ಲಚ್ ಲಿವರ್, ಹಿಂದಿನ ಬ್ರೇಕ್ ಪ್ಯಾಡ್, ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಏರ್ ಫಿಲ್ಟರ್ ಎರಡು, ಸ್ಪಾರ್ಕ್ ಪ್ಲಗ್, ಪಂಕ್ಚರ್ ಪ್ಲಗ್ಗುಗಳು. ಕೆಸರಿನ ಓಟದಲ್ಲಿ ಹೊಸ ಪ್ಯಾಡು ಒಂದೇ ದಿನದಲ್ಲಿ ಲೋಹದವರೆಗೆ ಸವೆಯುವುದುಂಟು, ಅದನ್ನು ಎರಡು ಜೊತೆ ಇಡಿ. ಟೈರಿನ ಗಾಳಿ ನೋಡಲು ಕಾರಿನ ಗೇಜು ಬೇಡ. ಇವುಗಳಿಗೆ ಹಾಕುವುದು 4ರಿಂದ 6 ಪಿಎಸ್‌ಐ, ಅಲ್ಲಿ ಅರ್ಧ ಪಿಎಸ್‌ಐ ಹೆಚ್ಚುಕಡಿಮೆಯಾದರೂ ತಿರುವಿನಲ್ಲಿ ಗೊತ್ತಾಗುತ್ತದೆ, ಕಾರಿನ ಗೇಜಿಗೆ ಅದು ಕಾಣುವುದೇ ಇಲ್ಲ. 10 ಪಿಎಸ್‌ಐವರೆಗೆ ಮಾತ್ರ ಓದುವ ಚಿಕ್ಕ ಗೇಜು ತೆಗೆದುಕೊಂಡು ಅದೇ ಡಬ್ಬಿಯಲ್ಲಿಡಿ.